ಬೇಸಿಗೆಯಲ್ಲಿ ಅಳೆದ ಕಡಲು

ಉತ್ತರ ಕನ್ನಡದ ಕಡಲತಡಿಯ ಐದು ಮಂದಿ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದಿದ್ದರು. ಒಬ್ಬರ ಕಂಕುಳಲ್ಲಿ ಪಿವಿಸಿ ಪೈಪಿನ ತುಂಡು, ಅದರೊಳಗೆ ಸುರುಳಿ ಸುತ್ತಿದ ನಕ್ಷೆ. ಅವರು ಹೋಗಬೇಕಿದ್ದ ಕಚೇರಿಯಲ್ಲಿ ಸಾಹೇಬರು ಸಿಗುವುದು ಹನ್ನೊಂದರ ಮೇಲೆ. ಅಲ್ಲಿಯವರೆಗೆ ಮಾಡುವುದೇನು? ದರ್ಶಿನಿಯೊಂದರಲ್ಲಿ ಇಡ್ಲಿ ತಿಂದು, ನಿಂತು ತಿನ್ನುವ ಸ್ಟೀಲಿನ ಮೇಜನ್ನು ಹುಡುಗನಿಂದ ಒರೆಸಿಸಿ, ನಕ್ಷೆ ಬಿಡಿಸಿದೆವು. ನನ್ನನ್ನು ಕರೆದದ್ದು ಅದರ ಇಂಗ್ಲಿಷ್ ಟಿಪ್ಪಣಿ ಓದಿ ಹೇಳಲಿಕ್ಕೆ. ನನ್ನ ಊರೂ ಆ ಕಡೆಯದೇ ಎಂಬ ಸಲುಗೆ.

ಅದು 1:4000 ಅಳತೆಯ ನಕ್ಷೆ. ಕಾಗದದ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 40 ಮೀಟರ್. ಅವರೂರಿನ ಬಳಿ ಬರಲಿದ್ದ ಕಾಮಗಾರಿಯೊಂದಕ್ಕೆ ಯಾವುದೋ ಸಲಹಾ ಸಂಸ್ಥೆ ಮಾಡಿಕೊಟ್ಟದ್ದು. ಮನೆ, ರಸ್ತೆ, ತೆಂಗಿನ ತೋಟ ಎಲ್ಲ ಇದ್ದವು. ಹೆಂಗಸರು ಮೀನು ಒಣಗಿಸುವ ಮರಳ ಹಾಸು, ಬಲೆ ಹೆಣೆಯುವ ಚಪ್ಪರ, ಮಳೆಗಾಲಕ್ಕೆ ದೋಣಿ ಎಳೆದಿಡುವ ಜಾಗ ಮಾತ್ರ ಕಾಣಲಿಲ್ಲ. ಅಷ್ಟೂ ತಿಳಿಹಳದಿ ಬಣ್ಣದ ಖಾಲಿ ಪಟ್ಟಿ. ಕಿರಿಯವನೊಬ್ಬ ಸಿಟ್ಟಿನಿಂದ ಏನೋ ಅಂದ. ಗುಂಪಿನ ಹಿರಿಯರು ಸುಮ್ಮನಿದ್ದರು. ಕಡಲ ಬದಿಗೆ ಎಳೆದಿದ್ದ ಕೆಂಪು ಗೆರೆಯ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದರು: "ಇದು ಯಾವ ತಿಂಗಳ ಗೆರೆ, ತಮಾ?"

ನನಗೆ ಉತ್ತರ ತೋಚಲಿಲ್ಲ. ಬಂದರು, ಜೆಟ್ಟಿ, ಅಲೆ ತಡೆಯಲು ಕಡಲೊಳಗೆ ಕಟ್ಟುವ ಬ್ರೇಕ್‌ವಾಟರ್, ಹೂಳೆತ್ತುವ ಕಾಮಗಾರಿಗಳಿಗೆ ನಾವು ಅನುಮತಿ ಕೊಡುವ ಇಡೀ ಪದ್ಧತಿಗೂ ಈ ಪ್ರಶ್ನೆಯ ಮುಂದೆ ಉತ್ತರ ತೋಚುವುದಿಲ್ಲ ಎಂಬುದು ಆಮೇಲಾಮೇಲೆ ಹೊಳೆಯಿತು.

ಆ ಕೆಂಪು ಗೆರೆ ಉಬ್ಬರ ರೇಖೆ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಏರುತ್ತದೋ ಅಲ್ಲಿಗೆ ಎಳೆಯುವ ಗೆರೆ. ಕರಾವಳಿಯ ಕಾನೂನು ನಿಂತಿರುವುದೇ ಅದರ ಮೇಲೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಎಲ್ಲರ ಬಾಯಲ್ಲಿ ಸಿಆರ್‌ಜೆಡ್, ಮೊದಲು ಬಂದದ್ದು 1991ರಲ್ಲಿ. 2011ರಲ್ಲಿ ಹೊಸ ರೂಪ ಪಡೆಯಿತು, 2019ರ ಜನವರಿಯಲ್ಲಿ ಇನ್ನೊಮ್ಮೆ. ಇದು ಸಂಸತ್ತು ಪಾಸು ಮಾಡಿದ ಕಾಯ್ದೆಯಲ್ಲ, 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಹೊರಡಿಸಿದ ಅಧಿಸೂಚನೆ. ಹಾಗಾಗಿ ತಿದ್ದುವುದು ಸುಲಭ, ತಿದ್ದುತ್ತಲೂ ಇರುತ್ತಾರೆ. ಉಬ್ಬರ ರೇಖೆಯಿಂದ ಒಳನಾಡಿನತ್ತ 500 ಮೀಟರ್, ಸಮುದ್ರದತ್ತ 12 ನಾಟಿಕಲ್ ಮೈಲಿ ಈ ನಿಯಮದ ವ್ಯಾಪ್ತಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಮೆ ಮೊಟ್ಟೆಯಿಡುವ ಜಾಗ, ಮರಳ ದಿಬ್ಬಗಳಂಥ ಸೂಕ್ಷ್ಮ ಸ್ಥಳಗಳು ಮತ್ತು ಉಬ್ಬರ-ಇಳಿತದ ನಡುವಿನ ಪಟ್ಟಿ ಒಂದನೇ ವರ್ಗ. ಆಗಲೇ ಬೆಳೆದ ಪಟ್ಟಣಗಳು ಎರಡನೆಯದು, ಹಳ್ಳಿಗಾಡು ಮೂರನೆಯದು, ನೀರಿನ ಭಾಗ ನಾಲ್ಕನೆಯದು. 2019ರ ಅಧಿಸೂಚನೆ ಹಳ್ಳಿಗಾಡನ್ನೂ ಎರಡಾಗಿ ಸೀಳಿತು. 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ ಏನನ್ನೂ ಕಟ್ಟಬಾರದ ಪಟ್ಟಿ 200 ಮೀಟರಿನಿಂದ 50ಕ್ಕೆ ಇಳಿಯಿತು.

ಇಷ್ಟೆಲ್ಲ ಮೀಟರುಗಳ ಲೆಕ್ಕ ಶುರುವಾಗುವ ಗೆರೆ ಒಂದು ಕಡೆ ನಿಂತಿರಬೇಕಲ್ಲ? ನಮ್ಮ ಕರಾವಳಿಯಲ್ಲಿ ಅದು ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಲೆಗಳು ದಂಡೆಯ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನಡಿ ದಿಣ್ಣೆಯಾಗಿ ಗುಡ್ಡೆ ಹಾಕುತ್ತವೆ. ಗಣಪತಿ ಹಬ್ಬ ಕಳೆದು ಕಡಲು ತಣ್ಣಗಾಗುತ್ತಿದ್ದಂತೆ ಅದೇ ಮರಳು ನಿಧಾನವಾಗಿ ವಾಪಸು ಬರತೊಡಗುತ್ತದೆ. ಮೇ ತಿಂಗಳಲ್ಲಿ ಕ್ರಿಕೆಟ್ ಆಡಿದ ಜಾಗದಲ್ಲಿ ಆಗಸ್ಟ್‌ನಲ್ಲಿ ಎದೆಮಟ್ಟದ ನೀರು. ಇದು ಕೊರೆತವಲ್ಲ, ದಂಡೆಯ ಉಸಿರಾಟ. ವಾಪಸು ಬರಬೇಕಾದ ಮರಳು ಬಾರದೆ ಹೋದಾಗ ಮಾತ್ರ ಅದು ಕಡಲ್ಕೊರೆತ.

ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಈಗ ಮೊದಲಿನಷ್ಟು ಕಷ್ಟವಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರಿನ ಕಡೆ ನೆರೆಯ ನೀರಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರಿಗೆ ಬಡಾವಣೆಯ ನಕ್ಷೆಯಲ್ಲಿ ಒಣಗಿದ್ದ ರಾಜಕಾಲುವೆ ನೆಲದ ಮೇಲೆ ಒಣಗಿರಲಿಲ್ಲ ಎಂಬುದು ಗೊತ್ತಿದೆ. ವ್ಯತ್ಯಾಸ ಇಷ್ಟೆ: ಇಲ್ಲಿ ನೀರು ಬಂದರೆ ಟಿ.ವಿ. ಕ್ಯಾಮೆರಾ ಅರ್ಧ ಗಂಟೆಯಲ್ಲಿ ಬರುತ್ತದೆ.

ಅಪಾಯದ ರೇಖೆ ಅಂತ ಇನ್ನೊಂದು ಇದೆ. ಸರ್ವೆ ಆಫ್ ಇಂಡಿಯಾ ಗುರುತಿಸಿದ್ದು. ಅಲೆ, ಉಬ್ಬರ, ಸಮುದ್ರಮಟ್ಟದ ಏರಿಕೆ, ದಂಡೆಯ ಸರಿದಾಟ ಎಲ್ಲವನ್ನೂ ಕೂಡಿಸಿ, ಇಷ್ಟರ ಒಳಗೆ ಕಡಲು ಬರಬಹುದು ಎಂದು ಹೇಳುವ ಗೆರೆ. ಹಿರಿಯರ ಪ್ರಶ್ನೆಗೆ ಉತ್ತರದ ಹತ್ತಿರ ಬರುವುದು ಇದೊಂದೇ. ಆದರೆ 2019ರ ಅಧಿಸೂಚನೆಯ ಪ್ರಕಾರ ಇದು ವಿಪತ್ತು ನಿರ್ವಹಣೆಯ ಯೋಜನೆಗೆ ಬಳಸುವ ಸಾಧನ ಅಷ್ಟೆ; ಅನುಮತಿ ಕೊಡುವ, ನಿರಾಕರಿಸುವ ಗಡಿ ಅಲ್ಲ. ನಕ್ಷೆಯಲ್ಲಿ ಇರುತ್ತದೆ, ನಿರ್ಧಾರದಲ್ಲಿ ಇರುವುದಿಲ್ಲ.

ಮರಳು ಯಾಕೆ ವಾಪಸು ಬರುವುದಿಲ್ಲ ಎಂಬುದನ್ನು ನನಗೆ ತೋರಿಸಿಕೊಟ್ಟವರು ಬಸವನಗುಡಿಯಲ್ಲಿರುವ ನಿವೃತ್ತ ಎಂಜಿನಿಯರ್ ಒಬ್ಬರು. ಮೂಲ ಕುಂದಾಪುರ. ಜೀವಮಾನವಿಡೀ ಜೆಟ್ಟಿ, ತಡೆಗೋಡೆಗಳ ನಕ್ಷೆ ಬರೆದವರು. ಕೇಳಿದ್ದಕ್ಕೆ ಅಡುಗೆಮನೆಗೆ ಹೋಗಿ ದೊಡ್ಡ ಸ್ಟೀಲಿನ ತಟ್ಟೆ ತಂದು, ಒಂದು ಬದಿಗೆ ಚಿರೋಟಿ ರವೆ ಹರಡಿ, ಇನ್ನೊಂದು ಬದಿಗೆ ನೀರು ಹೊಯ್ದರು. ಅಂಗೈಯಿಂದ ನೀರನ್ನು ಸ್ವಲ್ಪ ಓರೆಯಾಗಿ ತಳ್ಳುತ್ತ ಹೋದರು. ರವೆ ಅಂಚಿನುದ್ದಕ್ಕೂ ತೆವಳಿತು. ಆಮೇಲೆ ಬೆಂಕಿಪೊಟ್ಟಣ ತೆಗೆದು ಅಂಚಿಗೆ ಅಡ್ಡವಾಗಿ ನಿಲ್ಲಿಸಿ ಮತ್ತೆ ತಳ್ಳಿದರು. ಪೊಟ್ಟಣದ ಈಚೆಗೆ ರವೆ ಗುಡ್ಡೆ. ಆಚೆಗೆ ಹತ್ತೇ ತಳ್ಳಿಗೆ ತಟ್ಟೆಯ ತಳ ಹೊಳೆಯಿತು.

"ಸ್ಟೀಲು ಕಂಡಿತಲ್ಲ ಮಾರಾಯ್ರೆ, ಅಲ್ಲಿ ಯಾರದೋ ಮನೆ ಇರ್ತದೆ" ಅಂದರು. ಹೆಂಡತಿ ಒಳಗಿನಿಂದ ರವೆಯ ಲೆಕ್ಕ ಕೇಳಿದರು. ಪ್ರಯೋಗ ಅಲ್ಲಿಗೆ ಮುಗಿಯಿತು.

ತಟ್ಟೆಯಲ್ಲಿ ಅಲೆಯ ದಿಕ್ಕು ಒಂದೇ. ನಿಜವಾದ ಕಡಲಲ್ಲಿ ಋತುವಿಗೊಂದು ದಿಕ್ಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮರಳು ಒಂದಷ್ಟು ತಿಂಗಳು ಅತ್ತ, ಒಂದಷ್ಟು ತಿಂಗಳು ಇತ್ತ ಓಡಾಡುತ್ತದೆ. ಅದಕ್ಕೇ ಇಲ್ಲಿ ಒಂದು ಗೋಡೆಯ ಪರಿಣಾಮ ಯಾವ ಕಡೆ, ಎಷ್ಟು ದೂರ ಎಂದು ಹೇಳುವುದು ಪೂರ್ವ ಕರಾವಳಿಗಿಂತ ಕಷ್ಟ. ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಬಂದರುಗಳ ಪ್ರತಿಕೃತಿ ಕಟ್ಟಿ, ಕೃತಕ ಅಲೆ ಹಾಯಿಸಿ ನೋಡುತ್ತದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯಲ್ಲಿ ಈ ವಿದ್ಯೆ ಕಲಿಸುವ ವಿಭಾಗವೇ ಇದೆ. ಜ್ಞಾನಕ್ಕೆ ಬರ ಇಲ್ಲ. ಆ ಮಾದರಿಗಳಿಗೆ ನಾವು ತುಂಬುವ ಅಂಕಿ ಯಾವ ತಿಂಗಳದ್ದು ಎಂಬಲ್ಲಿ ತೊಡಕು ಶುರು.

ಉಳ್ಳಾಲದ ಉದಾಹರಣೆ ಹಳೆಯದು, ಆದರೂ ಹೇಳದೆ ಗತಿಯಿಲ್ಲ. ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆ ಬಾಗಿಲಿಗೆ ಎರಡು ಬ್ರೇಕ್‌ವಾಟರ್‌ಗಳಿವೆ. ದೋಣಿಗಳು ಸುಸೂತ್ರವಾಗಿ ಒಳಬರಲು ಅವು ಬೇಕಿತ್ತು, ತಪ್ಪೇನಿಲ್ಲ. ಅವುಗಳ ದಕ್ಷಿಣಕ್ಕೆ ಉಳ್ಳಾಲದ ದಂಡೆ ವರ್ಷವರ್ಷವೂ ಕರಗಿತು. ಬ್ರೇಕ್‌ವಾಟರ್ ಒಂದೇ ಕಾರಣವೇ, ನದಿಯ ಅಣೆಕಟ್ಟು, ಮರಳುಗಾರಿಕೆ ಎಷ್ಟು ಕಾರಣ ಎಂಬ ವಾದ ಇವತ್ತಿಗೂ ನಡೆದಿದೆ. ಮೊದಲು ಬಂಡೆ ಸುರಿದರು, ಬಂಡೆ ಮರಳಲ್ಲಿ ಹೂತುಹೋಯಿತು. ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಸುಸ್ಥಿರ ಕರಾವಳಿ ರಕ್ಷಣೆಯ ಯೋಜನೆ ಬಂತು, ಕಡಲೊಳಗೆ ಅಲೆಯ ಬಲ ಮುರಿಯುವ ರೀಫ್‌ಗಳನ್ನು ಕಟ್ಟಿದರು. ಕಟ್ಟಿದ ಕಡೆ ಉಸಿರು ಬಿಡುವಷ್ಟು ಪರವಾಗಿಲ್ಲ ಅನ್ನಿಸಿತು. ಕೊರೆತದ ಸುದ್ದಿ ಮಾತ್ರ ದಕ್ಷಿಣಕ್ಕೆ ಸರಿಯಿತು: ಸೋಮೇಶ್ವರ, ಉಚ್ಚಿಲ, ಬಟ್ಟಂಪಾಡಿ. ಈಗ ಅಲ್ಲಿನವರೂ ಗೋಡೆ ಬೇಕು ಎನ್ನುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಗೋಡೆ ಹೀಗೆ ಒಂದರ ಪಕ್ಕ ಒಂದು ಬೆಳೆಯುತ್ತ ರಾಜ್ಯದ ಗಡಿ ತಲುಪುತ್ತದೆ, ಆಚೆಗೆ ಕಾಸರಗೋಡು.

ಇಲ್ಲಿ ಒಂದೊಂದು ಗೋಡೆಯೂ ಬೇರೆ ಬೇರೆ ಕಡತ. ಬೇರೆ ಟೆಂಡರ್, ಬೇರೆ ವರ್ಷ. ಮರಳಿನ ಓಡಾಟ ಒಂದೇ.

ಕಡತಗಳು ಓಡಾಡುವ ದಾರಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಬಹುಪಾಲು ಬೆಂಗಳೂರಿನಲ್ಲೇ ಇದೆ. ಕಡಲಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಈ ಊರು ಕರ್ನಾಟಕದ ಕರಾವಳಿಯ ನಿಜವಾದ ರೇವು. ಮಂಗಳೂರು, ಉಡುಪಿ, ಕಾರವಾರದಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗಳಿವೆ. ಅರ್ಜಿ ಪರಿಶೀಲನೆ ಅಲ್ಲಿಂದ ಮೊದಲಾಗಿ ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಮುಂದೆ ಬರುತ್ತದೆ. ಪ್ರಾಧಿಕಾರ ಇರುವುದು ವಿಧಾನಸೌಧದ ಬಳಿಯ ಎಂ.ಎಸ್. ಬಿಲ್ಡಿಂಗ್‌ನಲ್ಲಿ. ಪರಿಸರ ಆಘಾತ ಅಂದಾಜೀಕರಣ ಪ್ರಾಧಿಕಾರವೂ ಅದೇ ಕಟ್ಟಡದಲ್ಲಿ. ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ. ಅನುಮತಿ ಕೊಟ್ಟ ಮೇಲೆ ಷರತ್ತು ಪಾಲನೆ ನೋಡಬೇಕಾದ ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿ. ತಕರಾರು ಹೈಕೋರ್ಟಿಗೆ ಹೋದರೆ ಉಡುಪಿ, ದಕ್ಷಿಣ ಕನ್ನಡದವರು ಇಲ್ಲಿಗೇ ಬರಬೇಕು, ಉತ್ತರ ಕನ್ನಡದವರು ಧಾರವಾಡ ಪೀಠಕ್ಕೆ. ಹಸಿರು ನ್ಯಾಯಮಂಡಳಿಯಾದರೆ ಚೆನ್ನೈ.

ಬಂದರು ದೊಡ್ಡದೋ ಸಣ್ಣದೋ ಎಂಬುದರ ಮೇಲೆ ದಾರಿ ಕವಲೊಡೆಯುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ಸರಕು ನಿಭಾಯಿಸುವ ಬಂದರಿಗೆ ದಿಲ್ಲಿಯ ಅನುಮತಿ ಬೇಕು, ಅದಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ರಾಜ್ಯದ ಪರಿಸರ ಆಘಾತ ಅಂದಾಜೀಕರಣ ಪ್ರಾಧಿಕಾರ ಸಾಕು. ದೊಡ್ಡ ಮೀನುಗಾರಿಕಾ ಬಂದರೂ ರಾಜ್ಯದ ಪಟ್ಟಿಗೇ ಸೇರುತ್ತದೆ. ಅರ್ಜಿಯಲ್ಲಿ 49 ಲಕ್ಷ ಟನ್ ಎಂದು ಕಂಡರೆ ಈ ರಂಗದಲ್ಲಿ ಪಳಗಿದವರು ಮೀಸೆಯೊಳಗೆ ನಗುತ್ತಾರೆ. ಕರಾವಳಿ ಪ್ರಾಧಿಕಾರಕ್ಕೆ ಶಿಫಾರಸು ಮಾಡಲು 60 ದಿನದ ಗಡುವಿದೆ. 2018ರಿಂದ ಎಲ್ಲ ಅರ್ಜಿಯೂ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ. ಕಾಗದದ ಮಟ್ಟಿಗೆ ವ್ಯವಸ್ಥೆ ಅಚ್ಚುಕಟ್ಟು.

ಆದರೆ ಪ್ರತಿ ಮೇಜಿನ ಮುಂದೆಯೂ ಬರುವುದು ಒಂದು ಯೋಜನೆ, ಒಂದು ಸರ್ವೆ ನಂಬರ್, ಒಂದು ಗಡಿ. ಪಕ್ಕದಲ್ಲಿ ಆಗಲೇ ಕಟ್ಟಿದ ಜೆಟ್ಟಿ, ಅದರಾಚೆ ಟೆಂಡರಿನಲ್ಲಿರುವ ತಡೆಗೋಡೆ, ಮೇಲ್ಭಾಗದಲ್ಲಿ ನದಿಗೆ ಕಟ್ಟಿದ ಡ್ಯಾಮ್ ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡುವ ಮೇಜು ಇಲ್ಲ. ಕೊರೆತವಿರುವ ಕಡೆ ಒಟ್ಟು ಪರಿಣಾಮದ ಅಧ್ಯಯನ ಆಗಬೇಕು ಎಂದು ನಿಯಮ ಹೇಳುತ್ತದೆ. ಆ ಅಧ್ಯಯನ ಮಾಡಿಸುವವರು ಯಾರು? ಅರ್ಜಿದಾರರೇ. ಸಲಹಾ ಸಂಸ್ಥೆಗೆ ಹಣ ಕೊಡುವವರೂ ಅವರೇ. ಪಕ್ಕದ ಜಾಗದ ಅಂಕಿಅಂಶ ಪಕ್ಕದವರ ಬಳಿ, ಇವರಿಗೆ ಸಿಗುವುದಿಲ್ಲ.

ಋತುವಿನ ವಿಷಯಕ್ಕೆ ಬರುತ್ತೇನೆ. ಪರಿಸರ ಪರಿಣಾಮ ವರದಿಯ ಮೂಲ ಅಳತೆಗಳನ್ನು ಮಳೆಗಾಲ ಬಿಟ್ಟು ಬೇರೆ ಒಂದು ಋತುವಿನಲ್ಲಿ ತೆಗೆಯುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಕಾರ್ಖಾನೆಯ ಧೂಳು ಅಳೆಯಲು ಇದು ಸರಿ; ಮಳೆಯಲ್ಲಿ ಧೂಳು ಕೂತುಬಿಡುತ್ತದೆ, ಲೆಕ್ಕ ತಪ್ಪುತ್ತದೆ. ಧೂಳಿಗೆ ಹೊಂದುವ ಈ ನಿಯಮವನ್ನು ಹಾಗೇ ಎತ್ತಿ ಕಡಲಿಗೆ ಅಂಟಿಸಿದರೆ ಏನಾಗುತ್ತದೆ? ಅರಬ್ಬೀ ಸಮುದ್ರ ತನ್ನ ವರ್ಷದ ಕೆಲಸವನ್ನೆಲ್ಲ ಮಾಡುವ ನಾಲ್ಕು ತಿಂಗಳು ಬಿಟ್ಟು, ಮಲಗಿರುವಾಗ ನಾಡಿ ಹಿಡಿದು ನೋಡಿದಂತಾಗುತ್ತದೆ. ಬಂದರು ಯೋಜನೆಗಳಿಗೆ ದಂಡೆ ಬದಲಾವಣೆಯ ಅಧ್ಯಯನ ಪ್ರತ್ಯೇಕವಾಗಿ ಕೇಳುತ್ತಾರೆ, ಉಪಗ್ರಹ ಚಿತ್ರಗಳನ್ನು ಹೋಲಿಸುತ್ತಾರೆ, ಗಣಿತದ ಮಾದರಿಯಲ್ಲಿ ಮಳೆಗಾಲದ ಅಲೆಯನ್ನೂ ಹಾಯಿಸುತ್ತಾರೆ, ನಿಜ. ಆದರೆ ಮಳೆಗಾಲದ ಉಪಗ್ರಹ ಚಿತ್ರದಲ್ಲಿ ಮೋಡ. ಮಳೆಗಾಲದ ಕಡಲಿಗೆ ಸರ್ವೆ ದೋಣಿ ಇಳಿಯುವುದಿಲ್ಲ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಕೊನೆಗೆ ಮೀನು, ಸಿಗಡಿ, ಬಳಚು (ಚಿಪ್ಪಿನ ಮೀನು), ನೀರಿನ ಕೆಸರು, ತಳದ ಜೀವಿಗಳ ಲೆಕ್ಕ ಬರುವುದು ಬೇಸಿಗೆಯ ಕೆಲವು ವಾರಗಳಿಂದ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಲ್ಲಿ ಕೂತು ಬಳಚು ಹೆಕ್ಕುವ ಹೆಂಗಸರನ್ನು ಕೇಳಿ. ಮಳೆಗೆ ಹೊಳೆ ಸಿಹಿಯಾಗುವುದು, ಚಳಿಗಾಲಕ್ಕೆ ಉಪ್ಪೇರುವುದು, ಅದರ ಜೊತೆ ಚಿಪ್ಪಿನ ಹುಟ್ಟು-ಸಾವು ಎಲ್ಲವೂ ಅವರಿಗೆ ಪಂಚಾಂಗದಷ್ಟು ಖಚಿತ. 2024ರ ಜನವರಿಯಲ್ಲಿ ಆ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್‌ಸಾರ್ ಮನ್ನಣೆ ಬಂತು. ಅದಕ್ಕೆ ಮೊದಲು ಅದೇ ಅಳಿವೆಯ ದಡದ ತದಡಿಗೆ ಬೃಹತ್ ವಿದ್ಯುತ್ ಸ್ಥಾವರ, ಬಂದರು ಎಂದು ಒಂದರ ಹಿಂದೊಂದು ಪ್ರಸ್ತಾವ ಬಂದು ಹೋಗಿದ್ದವು ಎಂಬುದನ್ನು ಮರೆಯಬಾರದು.

ಇನ್ನು ಸಾರ್ವಜನಿಕ ಅಹವಾಲು ಸಭೆ. ಬಹಳ ಜನ ಇದನ್ನು ಮತದಾನ ಅಂದುಕೊಂಡಿದ್ದಾರೆ. ಅಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಟ್ಟು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಸಭೆ ನಡೆಸಿ, ವಿಡಿಯೊ ಮಾಡಿಸಿ, ನಡಾವಳಿ ಬರೆದು ಮೇಲಕ್ಕೆ ಕಳಿಸುತ್ತದೆ. ಇಷ್ಟು ಜನ ಇರಲೇಬೇಕು ಎಂಬ ಕೋರಂ ಇಲ್ಲ. ಸಾವಿರ ಜನ ಬೇಡ ಅಂದರೂ ಯೋಜನೆ ತಾನಾಗಿ ಬಿದ್ದುಹೋಗುವುದಿಲ್ಲ. ಎತ್ತಿದ ಪ್ರತಿ ಆಕ್ಷೇಪಕ್ಕೂ ಕಂಪನಿ ಉತ್ತರ ಬರೆದರೆ ಆಯಿತು. ಉತ್ತರದ ತೂಕ ನೋಡುವುದು ದಿಲ್ಲಿಯ, ಇಲ್ಲವೇ ರಾಜ್ಯದ, ತಜ್ಞರ ಸಮಿತಿ.

ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂಬ ನಿಯಮವಿದೆ, ಒಳ್ಳೆಯದೇ. ಪೂರ್ತಿ ವರದಿ ನೂರಾರು ಪುಟ, ಇಂಗ್ಲಿಷ್. ನನ್ನ ಕೈಗೆ ಸಿಕ್ಕಿದ್ದ ಒಂದು ಕನ್ನಡ ಸಾರಾಂಶದಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರಕ್ಕೆ "ವಸಂತ ಉಬ್ಬರ" ಎಂದು ಬರೆದಿದ್ದರು. ಇಂಗ್ಲಿಷಿನ "ಸ್ಪ್ರಿಂಗ್ ಟೈಡ್" ಪದವನ್ನು ನಿಘಂಟಿನಲ್ಲಿ ಹುಡುಕಿ ತೆಗೆದದ್ದು. ಓದಿದ ಮೀನುಗಾರರೊಬ್ಬರು, "ಯುಗಾದಿಗೆ ಮಾತ್ರ ಬರೂ ಭರ್ತಿಯಾ ಇದು?" ಎಂದು ಕೇಳಿದರು. ನಗು ಬರುತ್ತದೆ. ಆದರೆ ಯೋಜನೆಯ ಪರವಾಗಿಯೋ ವಿರೋಧವಾಗಿಯೋ ಮಾತಾಡಲು ಆ ಮನುಷ್ಯನ ಕೈಯಲ್ಲಿದ್ದ ದಾಖಲೆ ಅದೊಂದೇ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವ ತಪ್ಪು ಕ್ರಮದ್ದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು. ಅಂಕೋಲಾದ ಕೇಣಿಯನ್ನೇ ನೋಡಿ. ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ ಬಂದರು, ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಕರ್ನಾಟಕ ಜಲಸಾರಿಗೆ ಮಂಡಳಿ ಖಾಸಗಿ ಕಂಪನಿಗೆ ಯೋಜನೆ ವಹಿಸಿದ್ದು 2023ರ ಕೊನೆಯಲ್ಲಿ. ಊರಿನವರನ್ನು ಕೂರಿಸಿ ವಿಧಿವತ್ತಾಗಿ ಕೇಳಿದ ಅಹವಾಲು ಸಭೆ ನಡೆದದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಸಮುದ್ರದಲ್ಲಿ ಸರ್ವೆ ಶುರುವಾದಾಗ ಹೆಂಗಸರು ನೀರಿಗಿಳಿದು ಪ್ರತಿಭಟಿಸಿದರು. ಜಾಗ ಗೊತ್ತುಮಾಡಿ, ಸಾಮರ್ಥ್ಯ ನಿಗದಿ ಮಾಡಿ, ಗುತ್ತಿಗೆ ಕೊಟ್ಟ ಮೇಲೆ ಅಹವಾಲು ಕೇಳಿದರೆ ಅಹವಾಲಿಗೆ ಉಳಿಯುವ ಜಾಗ ಎಷ್ಟು? "ಇಲ್ಲಿ ಬೇಡ, ಐದು ಕಿಲೋಮೀಟರ್ ಉತ್ತರಕ್ಕಾದರೆ ನೋಡಬಹುದು" ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಬರೆದುಕೊಳ್ಳುವ ಕಾಲಂ ಆ ಹಂತದಲ್ಲಿ ಇರುವುದಿಲ್ಲ. ಹಾಗಾಗಿ ಜನರ ಬಳಿ ಉಳಿಯುವುದು ಒಂದೇ ಪದ: ಬೇಡ. ಅಂಕೋಲಾ, ಕಾರವಾರದವರಿಗೆ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರ ಪರಿಹಾರದ ಕೇಸುಗಳು ದಶಕಗಟ್ಟಲೆ ಎಳೆದದ್ದು ಮನೆಮಾತು. ಅವರು ಅನುಮಾನಪಟ್ಟರೆ ಅದನ್ನು ಅಭಿವೃದ್ಧಿ ವಿರೋಧ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ.

ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ವರ್ಷಗಟ್ಟಲೆ ಇದೇ ಎಳೆದಾಟ: ಶರಾವತಿ ಅಳಿವೆ, ಒಣಮೀನಿನ ಹಾಸು, ಕಡಲಾಮೆ ಮೊಟ್ಟೆಯಿಡುವ ಮರಳು, ಅದರ ಮೇಲೆ ಬಂದರಿನ ರಸ್ತೆ. ಕಾರವಾರದಲ್ಲಿ 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಬ್ರೇಕ್‌ವಾಟರ್‌ಗೆ ಟ್ಯಾಗೋರ್ ಕಡಲತೀರದಲ್ಲಿ ಕೆಲಸ ಶುರುವಾದಾಗ ಊರೇ ಬೀದಿಗಿಳಿಯಿತು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅನುಮತಿ ಪತ್ರ ಕೈಯಲ್ಲಿತ್ತು, ಕೆಲಸ ಮಾತ್ರ ನಿಂತಿತ್ತು. ಹೂಡಿಕೆದಾರರ ದೃಷ್ಟಿಯಿಂದ ನೋಡಿದರೂ ಇದು ದುಬಾರಿ ಪದ್ಧತಿ.

ಎಂಜಿನಿಯರರ ಅಳಲನ್ನೂ ಹೇಳಬೇಕು. ಕಡಲಲ್ಲಿ ಕೆಲಸ ಮಾಡಲು ಸಿಗುವುದು ಅಕ್ಟೋಬರ್‌ನಿಂದ ಮೇವರೆಗೆ. ಫೆಬ್ರವರಿಯಲ್ಲಿ ಬರಬೇಕಿದ್ದ ಪತ್ರ ಏಪ್ರಿಲ್‌ಗೆ ಬಂದರೆ ಎರಡು ತಿಂಗಳು ತಡವಾದಂತಲ್ಲ, ಒಂದು ವರ್ಷವೇ ಹೋದಂತೆ. ಅರ್ಧ ಕಟ್ಟಿದ ಬ್ರೇಕ್‌ವಾಟರ್‌ನ ತುದಿಯನ್ನು ಮಳೆಗಾಲ ಎದುರಿಸುವ ಹಾಗೆ ಭದ್ರ ಮಾಡದಿದ್ದರೆ ಬಂಡೆ ಚದುರಿ ಹೋಗುತ್ತದೆ, ಮರುವರ್ಷ ಮತ್ತೆ ಮೊದಲಿಂದ. ಮಲ್ಪೆ, ಗಂಗೊಳ್ಳಿಯ ಮೀನುಗಾರರು ಬ್ರೇಕ್‌ವಾಟರ್ ಬೇಡ ಅನ್ನುವವರಲ್ಲ. ಅಳಿವೆಯಲ್ಲಿ ಹೂಳು ತುಂಬಿ ದೋಣಿ ಮಗುಚುವುದನ್ನು ಕಂಡವರು ಅವರೇ. ಅವರ ದೂರು ಹೂಳೆತ್ತಲು ಅನುಮತಿ ಯಾಕೆ ಇಷ್ಟು ನಿಧಾನ ಎಂಬುದು. ಪಣಂಬೂರಿನ ಪಕ್ಕದ ಕುಳಾಯಿ ಮೀನುಗಾರಿಕಾ ಬಂದರಿನ ವಿಷಯದಲ್ಲೂ ತಕರಾರು ಬಂದದ್ದು ಬಂದರಿನ ಮೇಲಲ್ಲ, ಬ್ರೇಕ್‌ವಾಟರ್‌ನ ವಿನ್ಯಾಸದ ಮೇಲೆ. ಅಲೆ ಯಾವ ದಿಕ್ಕಿನಿಂದ ಒಡೆಯುತ್ತದೆ ಎಂದು ದಿನಾ ನೋಡುವವರ ಮಾತು ನಕ್ಷೆ ಬರೆಯುವ ಮೊದಲು ಕೇಳಿದರೆ ಪುಕ್ಕಟೆ, ಬಂಡೆ ಹಾಕಿದ ಮೇಲೆ ಕೇಳಿದರೆ ಕೋಟಿಗಟ್ಟಲೆ.

ವಿಚಿತ್ರ ಏನೆಂದರೆ, ಎಲ್ಲಕ್ಕೂ ಇಷ್ಟೊಂದು ಅನುಮತಿ ಕೇಳುವ ಇದೇ ಕರಾವಳಿಯಲ್ಲಿ ಪ್ರತಿ ಜುಲೈ ತಿಂಗಳಲ್ಲಿ ಲಾರಿಗಟ್ಟಲೆ ಕಗ್ಗಲ್ಲು ದಂಡೆಗೆ ಬಂದು ಬೀಳುತ್ತದೆ. ತುರ್ತು ಕಾಮಗಾರಿ. ಮಂತ್ರಿಗಳು ಛತ್ರಿ ಹಿಡಿದು ಬರುತ್ತಾರೆ, ತೆಂಗಿನಮರ ಬೀಳುವುದನ್ನು ನೋಡುತ್ತಾರೆ, ಕಲ್ಲು ಮಂಜೂರಾಗುತ್ತದೆ. ಒಂದು ಕಲ್ಲಿನ ಗೋಡೆ ಎದುರಿನ ಮರಳನ್ನು ಎಷ್ಟು ಬೇಗ ಕಳಚುತ್ತದೆ ಎಂದು ಆಗ ಯಾರೂ ಲೆಕ್ಕ ಹಾಕುವುದಿಲ್ಲ, ಹಾಕುವ ಹೊತ್ತೂ ಅದಲ್ಲ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ಕಲ್ಲು ಹಾಕದೆ ವಿಧಿಯಿರಲಿಲ್ಲ, ಆಮೇಲೆ ದಂಡೆಯಿಂದ ಕಡಲಿಗೆ ಚಾಚಿದ, ಇಂಗ್ಲಿಷಿನ ಟಿ ಆಕಾರದ ಗೋಡೆಗಳಾದ ಗ್ರೋಯ್ನ್‌ಗಳೂ ಬಂದವು. ಆದರೆ ಮುನ್ನೂರು ಕಿಲೋಮೀಟರ್ ಉದ್ದದ ಕರಾವಳಿಯೆಲ್ಲ ಮರವಂತೆಯಲ್ಲ.

ಬೇಕಿರುವುದು ಇನ್ನೊಂದು ನಿರಾಕ್ಷೇಪಣಾ ಪತ್ರ ಅಲ್ಲ, ಪತ್ರಗಳು ಬೇಕಾದಷ್ಟಿವೆ. ಒಂದು ಭೂಶಿರದಿಂದ ಇನ್ನೊಂದಕ್ಕೆ, ಒಂದು ಅಳಿವೆಯಿಂದ ಮುಂದಿನ ಅಳಿವೆಗೆ ಮರಳು ಓಡಾಡುವ ಘಟಕವನ್ನು ಒಂದೇ ಖಾತೆ ಎಂದು ಹಿಡಿದು, ಅದರೊಳಗಿನ ಎಲ್ಲ ಕಾಮಗಾರಿಯ ಜಮಾ-ಖರ್ಚನ್ನು ಒಂದೇ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಸರ್ಕಾರವೇ ತನ್ನ ಹಣದಿಂದ ಮಾಡಬೇಕು. ಜಾಗ ಆರಿಸುವ ಮೊದಲು, ಟೆಂಡರ್ ಕರೆಯುವ ಮೊದಲು. ಜನರ ಜೊತೆಗಿನ ಮೊದಲ ಮಾತುಕತೆಯೂ ಆಗಲೇ ನಡೆಯಬೇಕು, ಮೂರು ಜಾಗಗಳ ನಕ್ಷೆ ಮುಂದಿಟ್ಟು. ಬ್ರೇಕ್‌ವಾಟರ್‌ನ ಒಂದು ಬದಿಗೆ ಕೂಡಿದ ಮರಳನ್ನು ತೆಗೆದು ಇನ್ನೊಂದು ಬದಿಗೆ ಸಾಗಿಸುವ ಖರ್ಚನ್ನು ಯೋಜನಾ ವೆಚ್ಚದಲ್ಲೇ, ಬಂದರು ಇರುವಷ್ಟು ಕಾಲಕ್ಕೂ ಸೇರಿಸಬೇಕು. ಇದು ಕಾಗೆ-ಗುಬ್ಬಿ ಕಥೆಯಲ್ಲ, ಬೇರೆಡೆ ಬಂದರುಗಳು ಮಾಡುತ್ತಿರುವ ಕೆಲಸವೇ. ಅನುಮತಿ ಪಡೆದವರು ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿ ಕೊಡಬೇಕೆಂದಿದೆ. ಆ ವರದಿಗೆ ಆಗಸ್ಟ್ ಹುಣ್ಣಿಮೆಯಂದು ಒಂದೇ ಗುರುತಿನಿಂದ ತೆಗೆದ ದಂಡೆಯ ಅಗಲವನ್ನೂ ಸೇರಿಸಿ ಎಂದು ಒಂದು ಸಾಲು ಹಾಕಲು ಯಾವ ತಿದ್ದುಪಡಿಯೂ ಬೇಡ.

ಆವತ್ತು ಹನ್ನೊಂದಕ್ಕೆ ಹೋದವರಿಗೆ ಸಾಹೇಬರು ಸಿಕ್ಕಿದ್ದು ಎರಡೂವರೆಗೆ. ಕಾಯುವ ಹೊತ್ತಿನಲ್ಲಿ ಹಿರಿಯರು ನನ್ನ ನೀಲಿ ಬಾಲ್‌ಪೆನ್ ಇಸಿದುಕೊಂಡು ನಕ್ಷೆಯಲ್ಲಿ ಕೆಂಪು ಗೆರೆಯ ಒಳಬದಿಗೆ ಇನ್ನೊಂದು ಗೆರೆ ಎಳೆದರು. ಒಂದು ಕಡೆ ನಿಲ್ಲಿಸಿ ಯೋಚಿಸಿದರು, "ದೇವಸ್ಥಾನದ ಕಟ್ಟೆಗೆ ಆ ವರ್ಷ ನೀರು ಬಂದಿತ್ತು" ಎಂದು ಸ್ವಲ್ಪ ಒಳಕ್ಕೆ ಬಗ್ಗಿಸಿದರು. ಪಕ್ಕದಲ್ಲಿ ಕನ್ನಡದಲ್ಲಿ ಬರೆಸಿದರು: ಆಷಾಢ.

ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ ಹುಡುಗಿ ನಕ್ಷೆ ನೋಡಿ, ಸ್ಕ್ಯಾನರಿಗೆ ಎ4 ಅಳತೆಯ ಹಾಳೆ ಮಾತ್ರ ಹೋಗುವುದು ಎಂದಳು. ಬೀದಿಯಾಚೆಯ ಜೆರಾಕ್ಸ್ ಅಂಗಡಿಯಲ್ಲಿ ನಕ್ಷೆಯನ್ನು ತುಂಡು ತುಂಡಾಗಿ ನಕಲು ಮಾಡಿಸಿ, ಪುಟಸಂಖ್ಯೆ ಹಾಕಿ ಪಿನ್ ಹೊಡೆದು ಕೊಟ್ಟೆವು. ನಾಲ್ಕು ಪುಟ, ಕಪ್ಪು-ಬಿಳುಪು. ನೀಲಿ ಯಾವುದು, ಕೆಂಪು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಸ್ವೀಕೃತಿಯ ಮೊಹರು ಒಣಗುವವರೆಗೆ ಊದಿ, ಮೂಲ ನಕ್ಷೆಯನ್ನು ಮತ್ತೆ ಪೈಪಿಗೆ ತುರುಕಿಕೊಂಡು, ಅವರು ರಾತ್ರಿ ಬಸ್ಸಿಗೆ ಹೊರಟರು.